ಪಟದೊಳಗಿನ ಮನೆಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಎರಡಕ್ಕೂ ಮೊದಲು ಪಟ ನೋಡಬೇಕಾಗುವ ಕಾಲ ಬರುವುದೆಂದು ಅವರು ಎಣಿಸಿರಲಾರರು. ಹೆಣ್ಣಿನ ಪಟ ತೆಗೆಸುವವರು ಕಡೆಯಪಕ್ಷ ಆಕೆಯ ತಲೆ ಬಾಚಿ, ಹೂ ಮುಡಿಸಿ ನಿಲ್ಲಿಸುತ್ತಿದ್ದರು. ಮಾರಾಟಕ್ಕಿರುವ ಮನೆಗೆ ಆ ಭಾಗ್ಯವೂ ಇಲ್ಲ. ಅದು ಎದ್ದ ಮುಖದಲ್ಲಿಯೇ, ಹಗ್ಗದ ಮೇಲೆ ಒಣಗುವ ಲುಂಗಿಯ ಸಮೇತ, ಮೊಬೈಲಿನಲ್ಲಿ ಪ್ರತ್ಯಕ್ಷವಾಗುತ್ತದೆ.

ನಮ್ಮ ಭಾವನವರು ಮೂವತ್ತು ವರ್ಷಕ್ಕೂ ಮಿಕ್ಕಿ ದಕ್ಷಿಣದ ಊರುಗಳಲ್ಲಿ ಮಾಸ್ತರಿಕೆ ಮಾಡಿ, ನಿವೃತ್ತರಾಗಿ, ಹುಟ್ಟಿದ ಬೀದರ ಜಿಲ್ಲೆಗೆ ಮರಳುವ ಸಂಕಲ್ಪ ಮಾಡಿದರು. ಕೈಯಲ್ಲಿದ್ದುದು ನಿವೃತ್ತಿಯ ಗಂಟು ಒಂದೇ. ಅದು ಒಮ್ಮೆ ಹೋದರೆ ಮತ್ತೆ ಬರುವಂಥದಲ್ಲ. ದಲ್ಲಾಳಿಗಳು ಕಳುಹಿಸಿದ ಪಟಗಳನ್ನು ಇಟ್ಟುಕೊಂಡು ಅವರೂ ನಾನೂ ಹೊರಟೆವು.

ಆ ಪಟಗಳ ವೈಭವವನ್ನು ಏನೆಂದು ಬಣ್ಣಿಸಲಿ! ಒಂದರಲ್ಲಿ ಬಚ್ಚಲುಮನೆಯ ಕನ್ನಡಿ. ಕನ್ನಡಿಯೊಳಗೆ ಪಟ ತೆಗೆಯುವ ದಲ್ಲಾಳಿಯವರೇ, ಬಾಯಿ ತೆರೆದುಕೊಂಡು. ಇನ್ನೊಂದರಲ್ಲಿ ಅಡುಗೆಮನೆಯ ಮುಕ್ಕಾಲು ಭಾಗವನ್ನು ಯಾರದೋ ಹೆಬ್ಬೆರಳು ಆಕ್ರಮಿಸಿತ್ತು. ಮೂರನೆಯದರಲ್ಲಿ ಮನೆಯೇ ಅಡ್ಡಲಾಗಿ ಮಲಗಿತ್ತು. ಪಡಸಾಲೆಯ ಮಂಚದ ಮೇಲೆ ನಿದ್ರಿಸುತ್ತಿದ್ದ ವೃದ್ಧರೊಬ್ಬರು ಮಾರಾಟದಲ್ಲಿ ಸೇರಿದ್ದಾರೋ ಇಲ್ಲವೋ ಎಂಬುದನ್ನು ಜಾಹೀರಾತು ಸ್ಪಷ್ಟಪಡಿಸಿರಲಿಲ್ಲ. ಇದು ನಮ್ಮವರ ವಿಶೇಷವೆಂದು ಬಗೆಯಬೇಡಿ. ಬ್ರಿಟನ್ನಿನ ಆಂಡಿ ಡೊನಾಲ್ಡ್‌ಸನ್ ಎಂಬವರು ತಮ್ಮಲ್ಲಿಯ ಇಂಥ ಪಟಗಳನ್ನೇ ಆಯ್ದು ಪುಸ್ತಕವನ್ನಾಗಿ ತಂದಿದ್ದಾರೆ.

ಬೀದರದಲ್ಲಿ ನಾವು ಮೊದಲು ಹುಡುಕಿದ್ದು ‘ಹಳೆಯ ಊರಿನ ನಡುಮಧ್ಯದ ಮನೆ’ಯನ್ನು. ಪಟದಲ್ಲಿ ಇದ್ದುದು ಚೌಬಾರ, ಎಂದರೆ ಊರ ನಡುವಿನ ಆ ದುಂಡನೆಯ ಕಾವಲು ಗೋಪುರ. ಮನೆಯೆಲ್ಲಿ ಎಂದು ಕೇಳಿದರೆ, “ಇದರ ಹಿಂದ ಅದರಿ ಸರ್, ಫೋಟೋದಾಗ ಬಂದಿಲ್ಲ” ಎಂಬ ಉತ್ತರ. ಹಿಂದೆ ಎಂದರೆ ಎಷ್ಟು ಹಿಂದೆ ಎಂಬುದು ಕಾಲು ಗಂಟೆ ನಡೆದ ಮೇಲೆ ತಿಳಿಯಿತು.

ಚಿತ್ರಕ್ಕೆ ಒದಗುವುದರಲ್ಲಿ ಬೀದರಕ್ಕೆ ಯಾವ ಕೊರತೆಯೂ ಇಲ್ಲ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರದ ಗ್ರಂಥದಲ್ಲಿ ಒಂದೊಂದು ಕಟ್ಟಡಕ್ಕೂ ಚಿತ್ರ, ನಕ್ಷೆಗಳ ಮರ್ಯಾದೆ ಸಂದಿದೆ. ಆದರೂ ಒಂದು ಮಾತು. 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾದ ಎದುರಿಗೆ ನಿಂತಾಗ, ಮುಂಭಾಗದ ಎರಡು ಮಿನಾರುಗಳಲ್ಲಿ ಇಂದು ಉಳಿದಿರುವುದು ಒಂದೇ ಎಂಬುದು ಕಾಣುತ್ತದೆ. 1696ರಲ್ಲಿ ಮದ್ದಿನ ಸ್ಫೋಟದಿಂದ ಕಟ್ಟಡ ಹಾಳಾಯಿತೆನ್ನುತ್ತಾರೆ. ಪ್ರವಾಸಿಗಳೆಲ್ಲರೂ ಉಳಿದ ಮಿನಾರಿನ ಕಡೆಗೇ ಕ್ಯಾಮೆರಾ ಹಿಡಿಯುತ್ತಾರೆ. ಇದ್ದುದನ್ನು ತೋರಿಸಿ ಇಲ್ಲದುದನ್ನು ಮರೆಸುವ ವಿದ್ಯೆ ದಲ್ಲಾಳಿಗಳ ಸ್ವಂತ ಆಸ್ತಿಯೇನಲ್ಲ.

ಕಡೆಗೆ ಸಿಕ್ಕಿದ ಮನೆ ಜಂಬಿಟ್ಟಿಗೆಯ ದಪ್ಪ ಗೋಡೆಯದು. ಹೊರಗೆ ಬೇಸಗೆಯ ಕೆಂಡ, ಒಳಗೆ ತಂಪು. ಆ ತಂಪು ಯಾವ ಪಟದಲ್ಲಿಯೂ ಬರದು. ನೀರು ಹೇಗೆ ಎಂದು ಭಾವನವರು ಕೇಳಿದಾಗ ಮಾತ್ರ ದಲ್ಲಾಳಿ ಆಕಾಶವನ್ನು ನೋಡಿದರು. ಈ ಊರಿನ ನೀರಿನ ಕಥೆ ನೆಲದೊಳಗಿನದು. ನೌಬಾದಿನಲ್ಲಿ ಬಹಮನಿಯವರ ಕಾಲದ ಸುರಂಗ ಕಾಲುವೆ ಇಂದಿಗೂ ಇದೆ. ನೆಲದಡಿಯ ನೀರನ್ನು ಹಿಡಿಯುವ ಕ್ಯಾಮೆರಾ ದಲ್ಲಾಳಿಗಳ ಕೈಗೆ ಇನ್ನೂ ಬಂದಿಲ್ಲ.

ಮರುದಿನ ಊರ ಹೊರಗಿನ ಬಡಾವಣೆ. ಬೆಂಗಳೂರಿನವರ ಸೈಟು ಇಲ್ಲಿ ಪ್ಲಾಟು. ಈ ಚಿತ್ರದಲ್ಲಿ ಹೆಬ್ಬೆರಳಿರಲಿಲ್ಲ, ಲುಂಗಿಯಿರಲಿಲ್ಲ. ನೀಲಿ ಕೊಳ, ತಾಳೆಯ ಸಾಲು, ಕೊಳದ ಬದಿಯಲ್ಲಿ ನಗುವ ಬಿಳಿಯ ಜನರ ಸಂಸಾರ! ಹೋಗಿ ನೋಡಿದರೆ ತೊಗರಿ ಕೊಯ್ದ ಹೊಲ, ಸುಣ್ಣ ಬಳಿದ ಕಲ್ಲುಗಳು. “ಇವತ್ತ ಸಂಚಕಾರ ಕೊಟ್ಟರ ರೇಟ್ ಕಡಿಮಿ ಆಗ್ತದರಿ” ಎಂದರು ಅಲ್ಲಿದ್ದವರು. ಸಂಚಕಾರವೆಂದರೆ ಮುಂಗಡ ಹಣ. ಆಪತ್ತು ಎಂಬ ಅರ್ಥವೂ ಕನ್ನಡದಲ್ಲಿದೆ. ಭಾಷೆಯನ್ನು ಕಟ್ಟಿದವರು ಅನುಭವಸ್ಥರು.

ಭಾವನವರು ಕನ್ನಡಕ ಏರಿಸಿ ನೋಂದಣಿ ಸಂಖ್ಯೆಯನ್ನು ಕೇಳಿದರು. 2016ರ ರಿಯಲ್ ಎಸ್ಟೇಟ್ ಕಾಯಿದೆಯಂತೆ, ಯೋಜನಾ ಪ್ರದೇಶದಲ್ಲಿ 500 ಚದರ ಮೀಟರಿಗೆ ಮೀರಿದ ಬಡಾವಣೆಯನ್ನು ನೋಂದಾಯಿಸದೆ ಜಾಹೀರಾತು ಕೊಡುವಂತಿಲ್ಲ. ಜಾಹೀರಾತಿನಲ್ಲಿ ಆ ಸಂಖ್ಯೆ ಇರಲೇಬೇಕು. ಜಾಹೀರಾತಿನ ಸುಳ್ಳನ್ನು ನಂಬಿ ಹಣ ಕೊಟ್ಟು ನಷ್ಟವಾದವನಿಗೆ ಪರಿಹಾರ ಪಡೆಯುವ ಹಕ್ಕುಂಟು. ಇಷ್ಟನ್ನು ಮಾಸ್ತರ ದನಿಯಲ್ಲಿ ಹೇಳಿದ ಕೂಡಲೇ ಅಲ್ಲಿದ್ದವರಿಗೆ ಬೇರೆಲ್ಲಿಯೋ ಕೆಲಸ ನೆನಪಾಯಿತು.

ಔರಾದ ನಮ್ಮ ರಾಜ್ಯದ ಉತ್ತರ ತುದಿಯ ತಾಲೂಕು. ಅಮರೇಶ್ವರನ ಊರು, ಸಂತೆಯಲ್ಲಿ ಕನ್ನಡ, ಮರಾಠಿ, ದಖನಿ ಒಂದೇ ವಾಕ್ಯದೊಳಗೆ ಸಂಸಾರ ಹೂಡುವ ಸೀಮೆ. ಇಲ್ಲಿಂದ ಬಂದಿದ್ದ ಪ್ಲಾಟಿನ ಪಟದ ತುಂಬ ಒಂದು ದೇವಣಿ ಎತ್ತು ನಿಂತಿತ್ತು: ಬಿಳಿಯ ಮೈ, ಕಪ್ಪು ಮಚ್ಚೆ, ಗಂಭೀರ ನೋಟ. ನೆಲ ಕಂಡದ್ದು ಅದರ ನಾಲ್ಕು ಕಾಲುಗಳ ನಡುವೆ ಮಾತ್ರ. ಸ್ಥಳದಲ್ಲಿ 30×40 ಅಡಿ ಅಳೆದರೆ ಸರಿಯಾಗಿಯೇ ಇತ್ತು. ಒಂದು ಗುಂಟೆಗೆ 1,089 ಚದರ ಅಡಿಯಾದರೆ ಇದು 1,200. ಎತ್ತಿನ ಪಟವನ್ನೇಕೆ ಕಳುಹಿಸಿದಿರಿ ಎಂದು ಕೇಳಿದ್ದಕ್ಕೆ ಯಜಮಾನರು ಅಚ್ಚರಿಪಟ್ಟರು. “ಎತ್ತ ನಿಂತಿತ್ತಲ್ಲರಿ. ಅದನ್ನ ಬಿಟ್ಟು ಖಾಲಿ ನೆಲದ ಫೋಟೋ ಯಾರ ತಗೀತಾರರಿ?” ನೆಲ ಒಪ್ಪಿಗೆಯಾಯಿತು. ಮೇಲೆ ಮನೆ ಕಟ್ಟಿಸುವಷ್ಟು ಗಂಟು ಇರಲಿಲ್ಲ.

ಉಳಿದದ್ದು ಭಾಲ್ಕಿ. ನಿಜಾಮರ ಆಳ್ವಿಕೆಯಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ, ಒಳಗೆ ಕನ್ನಡ ಪಾಠ ಹೇಳಿಸಿದರೆಂಬುದು ಈ ಸೀಮೆಯ ಮನೆಮಾತು. ಹೊರಗಿನದನ್ನು ಕಂಡು ಒಳಗಿನದನ್ನು ಅಳೆಯಬಾರದೆಂಬ ಪಾಠ ಈ ಊರಿಗೆ ಹೊಸದಲ್ಲ.

ಇಲ್ಲಿಯ ಮನೆಯ ಪಟಗಳು ಮೂರು. ಮೂರರಲ್ಲಿಯೂ ಸೂರು, ತಿರುಗುವ ಪಂಖ, ಗೋಡೆಯ ಮೇಲ್ತುದಿ. ಬಾಗಿಲು ತೆರೆದವರು ಒಬ್ಬ ವೃದ್ಧೆ. ಮಗ ಪುಣೆಯಲ್ಲಿ, ತಾಯಿಯನ್ನು ಕರೆದೊಯ್ಯಲು ಮನೆ ಮಾರಬೇಕು. ಪಟ ತೆಗೆಯಲು ಬಂದ ಹುಡುಗನಿಗೆ ಆಕೆ ಒಂದು ಸಾಮಾನನ್ನೂ ಅತ್ತಿತ್ತ ಸರಿಸಗೊಡಲಿಲ್ಲ; ತಾನೂ ಪಡಸಾಲೆ ಬಿಟ್ಟು ಏಳಲಿಲ್ಲ. ಪಾಪ, ಹುಡುಗ ಕ್ಯಾಮೆರಾವನ್ನು ಮೇಲಕ್ಕೆತ್ತಿದ.

“ಯಾಕವ್ವಾ, ಮನಿ ಮಾರೂದು ಮನಸ್ಸಿಗಿಲ್ಲೇನು?” ಎಂದರು ಭಾವನವರು.

“ಮಾರೂದು ಅದರಿ ಮಾಸ್ತರ್ರ. ಮಂದಿಗಿ ತೋರಸೂದು ಮನಸ್ಸಿಗಿರಲಿಲ್ಲ.”

ಹಿತ್ತಲಲ್ಲಿ ಬೇವಿನ ಮರ, ತುಂಬಿದ ಬಾವಿ. ಪಟದಲ್ಲಿ ಎರಡೂ ಇರಲಿಲ್ಲ. ಖಾತೆ, ಋಣಭಾರ ಪತ್ರಗಳನ್ನು ತರಿಸಿ ನೋಡಿದ ಮೇಲೆ ಭಾವನವರು ಅದೇ ಮನೆಯನ್ನು ಕೊಂಡರು. ಆಕೆ ಹೊರಡುವವರೆಗೆ ಎರಡು ತಿಂಗಳು ಕಾಯಲೂ ಒಪ್ಪಿದರು. ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಆಕೆ ಕೇಳಿದ್ದು ಒಂದೇ ಮಾತು: “ಗಿಡ ಕಡೀಬ್ಯಾಡ್ರಿ.”

ಬೇವು ಈಗಲೂ ಇದೆ. ಭಾವನವರು ಅದರ ಪಟ ತೆಗೆದು ಆಗಾಗ ಪುಣೆಗೆ ಕಳುಹಿಸುತ್ತಾರೆ. ಅವುಗಳಲ್ಲಿಯೂ ಮೂಲೆಯಲ್ಲಿ ಹೆಬ್ಬೆರಳೊಂದು ತಪ್ಪದೆ ಇರುತ್ತದೆ.