ಥರ್ಮೋಕೋಲ್ ಗೋಡೆಯ ಶಾಲೆ

ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಪಟ್ಟಣದ ಜನ ಒಂದು ಕಾಲದಲ್ಲಿ ಬೇಸಿಗೆಯ ಸಂಜೆ ಕುಣಿಯಲು ಹೋಗುತ್ತಿದ್ದದ್ದು ಗುಹೆಗೆ. ಊರಿನ ಅಂಚಿನಲ್ಲಿ ಲಾಸ್ಟ್ ರಿವರ್ ಎಂಬ ಪುಟ್ಟ ನದಿ ಸ್ವಲ್ಪ ದೂರ ಬಯಲಲ್ಲಿ ಹರಿದು ಮತ್ತೆ ನೆಲದೊಳಕ್ಕೆ ನುಗ್ಗಿ ಕಾಣೆಯಾಗುತ್ತದೆ. ಅದು ಕಾಣೆಯಾಗುವ ಗುಹೆಯ ವಿಶಾಲ ಬಾಯಲ್ಲೇ 1930ರ ದಶಕದಲ್ಲಿ ಒಂದು ನೈಟ್ ಕ್ಲಬ್ ಶುರುವಾಗಿತ್ತು. ಏರ್‌ಕಂಡೀಷನರ್ ಇನ್ನೂ ಸಾಮಾನ್ಯರ ಕೈಗೆಟುಕದ ದಿನಗಳು. ಹೊರಗೆ ಜುಲೈ ತಿಂಗಳ 32 ಡಿಗ್ರಿ ಬೇಗೆಯಿದ್ದರೆ, ಗುಹೆಯ ಒಳಗಿನ ಗಾಳಿ ಸುಮಾರು 14 ಡಿಗ್ರಿ ಸೆಲ್ಸಿಯಸ್. ಜನವರಿಯಲ್ಲಿ ಹೊರಗೆ ನೀರು ಹೆಪ್ಪುಗಟ್ಟಿದರೂ ಗುಹೆಯಾಳದಲ್ಲಿ ಹೆಚ್ಚು ಕಡಿಮೆ ಅದೇ 14.

ಈ ಸೀಮೆಯ ನೆಲವೇ ಅಂಥದ್ದು. ಅಡಿಯಲ್ಲೆಲ್ಲ ಸುಣ್ಣಕಲ್ಲು, ಅದನ್ನು ನೀರು ಕೊರೆದು ಮಾಡಿದ ಪೊಳ್ಳು. ಒಂದು ಗಂಟೆಯೊಳಗಿನ ದಾರಿಯಲ್ಲಿ ಮ್ಯಾಮತ್ ಗುಹೆಯಿದೆ. ಇದುವರೆಗೆ ಅಳೆದಿರುವುದೇ 680 ಕಿಲೋಮೀಟರಿಗೂ ಹೆಚ್ಚು. ಜಗತ್ತಿನಲ್ಲಿ ಇದಕ್ಕಿಂತ ಉದ್ದದ ಗುಹೆ ಗೊತ್ತಿಲ್ಲ. ಈ ನೆಲ ಒಮ್ಮೊಮ್ಮೆ ತಂಟೆ ಮಾಡುವುದೂ ಉಂಟು. 2014ರ ಫೆಬ್ರವರಿಯ ಒಂದು ಮುಂಜಾನೆ ಊರಿನ ಕಾರ್ವೆಟ್ ಕಾರುಗಳ ವಸ್ತುಸಂಗ್ರಹಾಲಯದ ನೆಲ ಕುಸಿದು, ಎಂಟು ಅಪರೂಪದ ಕಾರುಗಳು ಗುಂಡಿಗೆ ಬಿದ್ದವು. ಪುಣ್ಯಕ್ಕೆ ಆ ಹೊತ್ತಿನಲ್ಲಿ ಒಳಗೆ ಯಾರೂ ಇರಲಿಲ್ಲ.

ಪಟ್ಟಣದಿಂದ ಉತ್ತರಕ್ಕೆ ಹೊರಟು ಬ್ಯಾರನ್ ನದಿ ದಾಟಿದರೆ ಹುಲ್ಲುಗಾವಲು, ದನದ ಕೊಟ್ಟಿಗೆ, ಅಲ್ಲೊಂದು ಇಲ್ಲೊಂದು ಮನೆ. ಹಾಗೆ ಸಿಗುವ ಹಳ್ಳಿಯೇ ರಿಚರ್ಡ್ಸ್‌ವಿಲ್. ಇಲ್ಲಿ 2010ರಲ್ಲಿ ಬಾಗಿಲು ತೆರೆದ ಎರಡಂತಸ್ತಿನ ಪ್ರಾಥಮಿಕ ಶಾಲೆಯನ್ನು ನೋಡಲು ದೂರದೂರದಿಂದ ಎಂಜಿನಿಯರುಗಳು ಬಂದರು. ಸುಮಾರು 500 ಮಕ್ಕಳಿಗಾಗಿ ಕಟ್ಟಿದ, 70,000 ಚದರ ಅಡಿ ಮೀರಿದ ಈ ಕಟ್ಟಡ ವರ್ಷದಲ್ಲಿ ಬಳಸುವಷ್ಟು ವಿದ್ಯುತ್ತನ್ನು ತಾನೇ ತಯಾರಿಸಿಕೊಳ್ಳಬೇಕು ಎಂಬ ಲೆಕ್ಕದಲ್ಲಿ ಎದ್ದದ್ದು. ಪೂರ್ಣ ಪ್ರಮಾಣದ ಇಂಥ ಸರ್ಕಾರಿ ಶಾಲೆ ಅಮೆರಿಕದಲ್ಲಿ ಇದೇ ಮೊದಲನೆಯದು ಎಂಬ ಹೆಸರೂ ಬಂತು.

ನೋಡಿದವರ ಕಣ್ಣು ಮೊದಲು ಹೋಗುವುದು ಸೌರ ಫಲಕಗಳ ಕಡೆಗೆ. ಚಾವಣಿಯ ಮೇಲೆ ಅಂಟಿಸಿದ ತೆಳು ಹಾಳೆಗಳು, ಕಾರು ನಿಲ್ಲಿಸುವ ಜಾಗಕ್ಕೆ ನೆರಳಾಗಿ ನಿಂತ ಫಲಕಗಳು, ಎಲ್ಲ ಸೇರಿ ಸುಮಾರು 350 ಕಿಲೋವಾಟ್. ಆದರೆ ಈ ಶಾಲೆಯ ಗುಟ್ಟು ಇರುವುದು ಅಲ್ಲಲ್ಲ, ಯಾರೂ ತಿರುಗಿ ನೋಡದ ಗೋಡೆಯಲ್ಲಿ.

ಶಾಲೆಯ ಪ್ರಾಜೆಕ್ಟಿಗೆಂದು ಮಕ್ಕಳು ಅಂಗಡಿಯಿಂದ ಥರ್ಮೋಕೋಲ್ ಹಾಳೆ ತರುತ್ತಾರಲ್ಲ, ಗೋಡೆ ಅದರದ್ದೇ. ಅದೇ ಜಾತಿಯ, ಆದರೆ ಹೆಚ್ಚು ಗಟ್ಟಿಯಾದ, ಎರಡೂವರೆ ಅಂಗುಲದಷ್ಟು ದಪ್ಪದ ಎರಡು ಹಲಗೆ. ನಡುವೆ ಆರೆಂಟು ಅಂಗುಲ ಜಾಗ ಬಿಟ್ಟು ಪ್ಲಾಸ್ಟಿಕ್ ಪಟ್ಟಿಗಳಿಂದ ಎರಡನ್ನೂ ಬಿಗಿದಿರುತ್ತಾರೆ. ಮಕ್ಕಳ ಆಟದ ಪ್ಲಾಸ್ಟಿಕ್ ಇಟ್ಟಿಗೆಗಳಂತೆ ಇವನ್ನು ಒಂದರ ಮೇಲೊಂದು ಕೂರಿಸುತ್ತ, ನಡುವಿನ ಪೊಳ್ಳಿನಲ್ಲಿ ಕಬ್ಬಿಣದ ಸರಳು ಕಟ್ಟಿ, ಮೇಲಿಂದ ಕಾಂಕ್ರೀಟು ಸುರಿಯುವುದು. ನಮ್ಮಲ್ಲಿ ಕಾಂಕ್ರೀಟು ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಹಲಗೆ ಬಿಚ್ಚಿ ಇನ್ನೊಂದು ಕಟ್ಟಡಕ್ಕೆ ಸಾಗಿಸುತ್ತಾರೆ. ಇಲ್ಲಿ ಸೆಂಟ್ರಿಂಗನ್ನು ಬಿಚ್ಚುವುದೇ ಇಲ್ಲ. ಅದು ಗೋಡೆಯಲ್ಲೇ ಉಳಿದು ಚಳಿಗಾಲಕ್ಕೆ ಕಂಬಳಿ, ಬೇಸಿಗೆಗೆ ನೆರಳು ಎರಡೂ ಆಗುತ್ತದೆ. ಇದರ ಹೆಸರು ಇನ್ಸುಲೇಟೆಡ್ ಕಾಂಕ್ರೀಟ್ ಫಾರ್ಮ್. ಕೆನಡಾದ ಕಟ್ಟಡ ಗುತ್ತಿಗೆದಾರ ವರ್ನರ್ ಗ್ರೆಗೊರಿ ಈ ಬಗೆಯ ಫೋಮ್ ಅಚ್ಚಿಗೆ ಪೇಟೆಂಟ್ ಕೋರಿದ್ದು 1966ರಲ್ಲಿ.

ಕೆಲಸ ಸುಲಭವೆಂದು ಕಂಡರೂ ಅವಸರ ನಡೆಯದು. ಹಸಿ ಕಾಂಕ್ರೀಟಿನ ಒತ್ತಡ ಸಾಮಾನ್ಯದ್ದಲ್ಲ. ಮೂರು ನಾಲ್ಕು ಅಡಿ ಸುರಿದು ಸುತ್ತಿ ಬಂದು, ಮತ್ತೆ ಅಷ್ಟು ಸುರಿಯಬೇಕು. ಒಂದೇ ಏಟಿಗೆ ಸುರಿದರೆ ಫೋಮ್ ಹಲಗೆ ಒಡೆದು ಕಾಂಕ್ರೀಟೆಲ್ಲ ನೆಲದ ಪಾಲು. ಹಾಗೆಯೇ ಬಿಟ್ಟರೆ ಫೋಮ್ ಬೆಂಕಿಗೂ ತುತ್ತಾದೀತು. ಆದ್ದರಿಂದ ಒಳಗಡೆ ಜಿಪ್ಸಂ ಹಲಗೆ ಹೊದಿಸಲೇಬೇಕು. ಹೊರಗಡೆ ಇಟ್ಟಿಗೆಯೋ ಗಾರೆಯೋ ಬಂದ ಮೇಲೆ ಒಳಗೆ ಥರ್ಮೋಕೋಲ್ ಇದೆ ಎಂದು ಹೇಳಿದರೂ ನಂಬುವಂತಿರುವುದಿಲ್ಲ.

ಇಂಥ ಗೋಡೆಯಿಂದ ಆಗುವ ಲಾಭ ಎರಡು. ಶಾಖ ಸುಲಭವಾಗಿ ದಾಟುವುದಿಲ್ಲ. ಸಂದುಗಳಿಲ್ಲದ್ದರಿಂದ ಗಾಳಿಯೂ ಸೋರುವುದಿಲ್ಲ. ಗೋಡೆ ಬಿಗಿಯಾದರೆ ತಂಪು ಮಾಡುವ, ಬಿಸಿ ಮಾಡುವ ಯಂತ್ರ ಚಿಕ್ಕದು ಸಾಕು. ಯಂತ್ರ ಚಿಕ್ಕದಾದರೆ ಅದಕ್ಕೆ ಬೇಕಾದ ಸೌರ ಫಲಕವೂ ಕಡಿಮೆ. ಮೊದಲು ಖರ್ಚು ಕಡಿತ, ಆಮೇಲೆ ಉತ್ಪಾದನೆ ಎಂಬ ಗೃಹಿಣಿಯ ಲೆಕ್ಕವನ್ನೇ ಇಲ್ಲಿನ ವಾಸ್ತುಶಿಲ್ಪಿಗಳು ಹಿಡಿದರು. ಇದೇ ವಾರನ್ ಕೌಂಟಿಯ ಆಲ್ವಟನ್ ಶಾಲೆಗೆ ಮೊದಲೇ ಇಂಥ ಗೋಡೆ ಕಟ್ಟಿ ನೋಡಿದ್ದರಿಂದ ಧೈರ್ಯವೂ ಇತ್ತು.

ಕಡಿತ ಗೋಡೆಗೇ ನಿಲ್ಲಲಿಲ್ಲ. ಶಾಲೆಯ ಅಡುಗೆಮನೆ ವಿದ್ಯುತ್ತನ್ನು ನುಂಗುವ ಜಾಗವೆಂದು ಕಂಡಾಗ ಎಣ್ಣೆಯಲ್ಲಿ ಕರಿಯುವ ಪಾತ್ರೆಗಳನ್ನೇ ಕೈಬಿಟ್ಟರು. ಹಬೆ, ಬಿಸಿಗಾಳಿ ಎರಡರಲ್ಲೂ ಬೇಯಿಸುವ ಒಲೆಗಳು ಬಂದವು. ಕರಿಯದಿದ್ದರೆ ಜಿಡ್ಡಿನ ಹೊಗೆಯಿಲ್ಲ. ಹೊಗೆಯಿಲ್ಲದಿದ್ದರೆ ಕೋಣೆಯ ತಂಪು ಗಾಳಿಯನ್ನೂ ಜತೆಗೇ ಹೊರಗೆ ಎಳೆದೊಗೆಯುವ ಭಾರೀ ಫ್ಯಾನು ಬೇಡ. ಮಕ್ಕಳ ತಟ್ಟೆಗೂ ಇದು ಒಳ್ಳೆಯದಾಯಿತು. ಮಕ್ಕಳು ಒಪ್ಪಿದರೋ ಇಲ್ಲವೋ ಬೇರೆ ಮಾತು! ಸದಾ ಉರಿಯುವ ಕಂಪ್ಯೂಟರ್ ಕೋಣೆಯ ಬದಲು ತಳ್ಳುಗಾಡಿಯಲ್ಲಿ ತರಗತಿಗೆ ಬರುವ ಲ್ಯಾಪ್‌ಟಾಪ್‌ಗಳು. ವರ್ಷ ವರ್ಷ ಮೇಣ ಬಳಿದು ಯಂತ್ರದಿಂದ ಉಜ್ಜಬೇಕಾದ ನೆಲಹಾಸಿನ ಬದಲು ನಯಗೊಳಿಸಿದ ಕಾಂಕ್ರೀಟು ನೆಲ. ಕಿಟಕಿಯ ಬೆಳಕು ಕೋಣೆಯ ಒಳತನಕ ಬೀಳುವಂತೆ ಕಟ್ಟಡವನ್ನು ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಕೂರಿಸಿದರು. ಎಲ್ಲ ಸೇರಿ ಒಂದು ಚದರ ಅಡಿಗೆ ವರ್ಷಕ್ಕೆ ಐದು ಯೂನಿಟ್ ಚಿಲ್ಲರೆ ವಿದ್ಯುತ್ ಸಾಕೆಂಬ ಲೆಕ್ಕ ಬಂತು. ಅಲ್ಲಿನ ಸಾಧಾರಣ ಶಾಲೆಗೆ ತಗಲುವುದು ಇದರ ನಾಲ್ಕು ಪಟ್ಟು. ಶಾಲೆಗಳಿಗೆ ಸಂಬಳದ ನಂತರದ ದೊಡ್ಡ ಖರ್ಚೇ ಕರೆಂಟು, ಇಂಧನದ್ದು ಎಂಬ ದೇಶದಲ್ಲಿ ಇದು ಸಣ್ಣ ಉಳಿತಾಯವಲ್ಲ.

ಇನ್ನು ಗುಹೆಯ ಆ ಹಳೆಯ ತಂಪು ಇಲ್ಲಿಗೂ ಬಂದಿದೆ, ಬೇರೆ ವೇಷದಲ್ಲಿ. ನೆಲದಾಳಕ್ಕೆ ಇಳಿಸಿದ ಕೊಳವೆಗಳಲ್ಲಿ ದ್ರವ ಸುತ್ತುತ್ತದೆ. ಬೇಸಿಗೆಯಲ್ಲಿ ಕಟ್ಟಡದ ಶಾಖವನ್ನು ನೆಲಕ್ಕೆ ಬಿಟ್ಟು ಬರುತ್ತದೆ, ಚಳಿಗಾಲದಲ್ಲಿ ನೆಲದ ಶಾಖವನ್ನು ತರುತ್ತದೆ. ಒಂದು ಹಜಾರದಲ್ಲಿ ಈ ಯಂತ್ರವನ್ನು ಗಾಜಿನ ಹಿಂದೆ ಕಾಣುವಂತೆ ಇಟ್ಟಿದ್ದಾರೆ. ಬಿಸಿ, ತಣ್ಣನೆಯ ಕೊಳವೆಗಳಿಗೆ ಬೇರೆ ಬೇರೆ ಬಣ್ಣ. ಸೂರ್ಯ, ನೀರು, ಮರುಬಳಕೆ ಇವಕ್ಕೂ ಒಂದೊಂದು ಹಜಾರ. ಕಟ್ಟಡವೇ ವಿಜ್ಞಾನದ ಪಠ್ಯಪುಸ್ತಕ.

ಇಷ್ಟಾದರೂ ಶಾಲೆ ಹೊರಗಿನ ವಿದ್ಯುತ್ ತಂತಿಯನ್ನು ಕತ್ತರಿಸಿಕೊಂಡಿಲ್ಲ. ಮೋಡದ ದಿನ ಟೆನೆಸ್ಸೀ ಕಣಿವೆ ಪ್ರಾಧಿಕಾರದ ಜಾಲದಿಂದ ಪಡೆದು, ಬೇಸಿಗೆ ರಜೆಯಲ್ಲಿ ತಿರುಗಿ ಕೊಟ್ಟು, ವರ್ಷಾಂತ್ಯಕ್ಕೆ ಲೆಕ್ಕ ಸರಿಹೊಂದಿಸುವುದು ಇದರ ಕ್ರಮ. 'ಶೂನ್ಯ' ಎಂಬ ಮಾತಿನ ಅರ್ಥ ಇಷ್ಟೇ.

ಕೆಂಟಕಿಯ ತಂದೆತಾಯಿಗಳಿಗೆ ಕರೆಂಟಿನ ಬಿಲ್ಲಿಗಿಂತ ದೊಡ್ಡ ಚಿಂತೆ ಇನ್ನೊಂದುಂಟು. 2021ರ ಡಿಸೆಂಬರ್ 11ರ ನಸುಕಿನಲ್ಲಿ ಬೌಲಿಂಗ್ ಗ್ರೀನ್ ಮೇಲೆ ಸುಂಟರಗಾಳಿ ಎರಗಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಮರದ ಚೌಕಟ್ಟಿನ ಮನೆಗಳು ಚೂರಾದವು. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಒಂದು ಪರೀಕ್ಷೆ ನಡೆದಿತ್ತು. ಸುಂಟರಗಾಳಿಯಲ್ಲಿ ಹಾರಿ ಬರುವ ಮರದ ತುಂಡಿನಂಥದ್ದನ್ನು ಗಂಟೆಗೆ ನೂರು ಮೈಲಿ ವೇಗದಲ್ಲಿ ಗೋಡೆಗಳಿಗೆ ಹೊಡೆದಾಗ, ಮರದ ಚೌಕಟ್ಟಿನ ಗೋಡೆಗಳನ್ನು ಅದು ತೂರಿಹೋಯಿತು. ಫೋಮ್ ನಡುವಿನ ಕಾಂಕ್ರೀಟು ಗೋಡೆಯಲ್ಲಿ ಫೋಮ್ ಮಾತ್ರ ಕಿತ್ತುಬಂದು, ಕಾಂಕ್ರೀಟು ತಡೆದು ನಿಂತಿತು. ಹಾಗೆಂದು ಗೋಡೆಯೊಂದನ್ನೇ ನಂಬುವಂತಿಲ್ಲ. ಚಾವಣಿ ಹಾರಿದರೆ, ಕಿಟಕಿ ಒಡೆದರೆ ಒಳಗಿದ್ದವರಿಗೆ ಅಪಾಯ ತಪ್ಪದು.

ತಕರಾರುಗಳೂ ಇವೆ, ಅವು ಸುಳ್ಳಲ್ಲ. ಫೋಮ್ ಬರುವುದು ಕಲ್ಲೆಣ್ಣೆಯಿಂದ. ಜಗತ್ತಿನ ಇಂಗಾಲಾಮ್ಲದ ಹೊಗೆಯಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ಕೊಡುಗೆ. ಗೋಡೆ ಹಲವು ದಶಕ ಬಾಳಿದರೆ ಮಾತ್ರ ಆ ಸಾಲ ತೀರೀತು. ಗೋಡೆಯಲ್ಲಿ ಹೊಸ ಬಾಗಿಲು ಬೇಕೆಂದರೆ ಕಾಂಕ್ರೀಟು, ಸರಳು ಎರಡನ್ನೂ ಕೊಯ್ಯಬೇಕು. ಗೆದ್ದಲು ಫೋಮನ್ನು ತಿನ್ನದಿದ್ದರೂ ಅದರೊಳಗೆ ಸುರಂಗ ಕೊರೆದು ಮೇಲೇರುವುದರಿಂದ ನೆಲಕ್ಕೆ ತಾಗುವಲ್ಲಿ ತಡೆ ಹಾಕಬೇಕು.

ಪಾಠ ನಡೆಯುವ ಶಾಲೆಯಾದ್ದರಿಂದ ದಾರಿಹೋಕರು ಸುಮ್ಮನೆ ಒಳಗೆ ನುಗ್ಗುವಂತಿಲ್ಲ, ಮೊದಲೇ ಒಪ್ಪಿಗೆ ಪಡೆಯಬೇಕು. ಲಾಸ್ಟ್ ರಿವರ್ ಗುಹೆಗೆ ಮಾತ್ರ ಟಿಕೆಟ್ ಇದ್ದರೆ ಸಾಕು. ಕುಣಿತದ ಕಟ್ಟೆಯ ಪಕ್ಕದಿಂದಲೇ ಸಾಗಿ ದೋಣಿ ಹತ್ತಬಹುದು. ಜುಲೈ ತಿಂಗಳಾದರೂ ಒಂದು ಸ್ವೆಟರ್ ಕೈಯಲ್ಲಿರಲಿ.