ಗಾಜಿನ ಕೋಣೆ, ಬೀಸುವ ಕಲ್ಲು

ಅವ್ವನ ಬೀಸುವ ಪದಗಳನ್ನು ಧ್ವನಿಮುದ್ರಿಸಬೇಕೆಂಬ ವಿಚಾರ ಅಕ್ಕ-ತಮ್ಮಂದಿರಾದ ನಮ್ಮಿಬ್ಬರಿಗೆ ಹೊಳೆದದ್ದು ಬಹಳ ತಡವಾಗಿ. ಆಗ ಅವಳಿಗೆ ಎಪ್ಪತ್ತೆಂಟು. ಧಾರವಾಡ ಸೀಮೆಯ ಹಳ್ಳಿಯಿಂದ ದಾದರಿನ ನಮ್ಮ ಮನೆಗೆ ಬಂದು ಆರು ವರ್ಷಗಳಾಗಿದ್ದವು. ಎರಡು ರೈಲುಮಾರ್ಗಗಳ ಸದ್ದು ಹಗಲಿರುಳು ಕೇಳುವ ಮನೆ ಅದು. ಅಲ್ಲಿ ಫೋನಿನಲ್ಲಿ ಮುದ್ರಿಸಿಕೊಂಡದ್ದರಲ್ಲಿ ಅವ್ವನಿಗಿಂತ ಲೋಕಲ್ ಗಾಡಿಯ ಧ್ವನಿಯೇ ಜೋರು.

ಆದ್ದರಿಂದ ಸಮೀಪದಲ್ಲೇ ಒಂದು ಸ್ಟುಡಿಯೊ ಗೊತ್ತುಮಾಡಿದೆವು. ಗಂಟೆಯ ಲೆಕ್ಕದ ಬಾಡಿಗೆ. ಗಾಜಿನಾಚೆ ಕುಳಿತ ಹುಡುಗ ಸೌಜನ್ಯದವನು, ‘ಆಜಿ’ ಎಂದು ಕರೆದು ನೀರು ತಂದುಕೊಟ್ಟ. ಅವ್ವ ಎರಡು ತ್ರಿಪದಿ ಹಾಡಿ ನಿಂತುಬಿಟ್ಟಳು. ಮೂರನೆಯದು ಬರಲಿಲ್ಲ. “ಕೈಯಾಗ ಗೂಟ ಇಲ್ಲ, ಪದಾ ಹೆಂಗ ಬರತಾವ?” ಎಂದಳು. ನಾವು ಗೋಡೆಯ ಗಡಿಯಾರ ನೋಡಿದೆವು. ಅವಳು ಅದನ್ನು ಗಮನಿಸಿದಳು. ಆ ನೋಟಕ್ಕೆ ಇಂದಿಗೂ ನಮಗೆ ನಾಚಿಕೆಯಿದೆ.

ಗಡಿಯಾರಕ್ಕೂ ಧ್ವನಿಮುದ್ರಣಕ್ಕೂ ಹಳೆಯ ನಂಟು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರು ಇದೇ ಮುಂಬಯಿಯಲ್ಲಿ ಎಚ್‌ಎಂವಿ ಕಂಪನಿಗೆ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಹಾಡಿದಾಗ, ತಟ್ಟೆಯ ಒಂದು ಮಗ್ಗುಲಿಗೆ ದೊರೆಯುತ್ತಿದ್ದದ್ದು ಸುಮಾರು ಮೂರು ನಿಮಿಷ. ರಾಗವನ್ನೆಲ್ಲ ಅಷ್ಟರಲ್ಲೇ ಅಡಕಗೊಳಿಸಬೇಕು. ಅವರಿಗೆ ಅದು ಸಾಧ್ಯವಾಯಿತು. ಇತ್ತ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಗ್ರಹಿಸಿದಾಗ ಅವರ ಬಳಿ ಇದ್ದದ್ದು ಲೇಖನಿ. ಪದಗಳು ಉಳಿದವು, ಧಾಟಿ ಪುಸ್ತಕದೊಳಗೆ ಬರಲಿಲ್ಲ.

ಆ ದಿನಗಳಲ್ಲಿಯೇ ರಾಕ್‌ಫೀಲ್ಡ್ ಸ್ಟುಡಿಯೊ ಕುರಿತ 2020ರ ಸಾಕ್ಷ್ಯಚಿತ್ರವೊಂದನ್ನು ನೋಡಿದೆವು. ವೇಲ್ಸ್ ನಾಡಿನ ಮಾನ್ಮತ್ ಬಳಿ, ಕಿಂಗ್ಸ್ಲಿ ಮತ್ತು ಚಾರ್ಲ್ಸ್ ವಾರ್ಡ್ ಎಂಬ ಸೋದರರು 1960ರ ದಶಕದಲ್ಲಿ ಮನೆತನದ ಹೈನುಗಾರಿಕೆಯ ಹೊಲಮನೆಯನ್ನೇ ಧ್ವನಿಮುದ್ರಣಾಲಯವಾಗಿ ಮಾರ್ಪಡಿಸಿದರು. ಜಗತ್ತಿನ ಮೊದಲ ವಸತಿ ಸ್ಟುಡಿಯೊ ಎಂಬ ಹೆಸರು ಅದಕ್ಕಿದೆ. ಹಾಡುವವರು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಹಾಡು ಬಂದಾಗ ಎದ್ದು ಹಾಡುವರು. 1975ರಲ್ಲಿ ಕ್ವೀನ್ ತಂಡ ‘ಬೊಹೀಮಿಯನ್ ರಾಪ್ಸೊಡಿ’ಯ ಮುದ್ರಣ ಆರಂಭಿಸಿದ್ದು ಆ ಹೊಲಮನೆಯಲ್ಲಿ. ವರ್ಡ್ಸ್‌ವರ್ತ್ ಕವಿಯ ಟಿಂಟರ್ನ್ ಅದೇ ಸೀಮೆಯದು. ಅದೇ ಕವಿ ಬರೆದ, ಕೊಯ್ಲು ಮಾಡುತ್ತ ಹಾಡುವ ಹುಡುಗಿಯ ಕವಿತೆಯನ್ನು ಎಂ.ಎ. ಪರೀಕ್ಷೆಗೆ ಉರುಹೊಡೆದಿದ್ದೆವು. ಅವಳ ಕೈಯ ಕುಡುಗೋಲು ಕಿತ್ತುಕೊಂಡು ಗಾಜಿನ ಕೋಣೆಯಲ್ಲಿ ನಿಲ್ಲಿಸಿದವರೂ ನಾವೇ.

ಹನ್ನೆರಡು ದಿನಗಳ ಗಳಿಕೆ ರಜೆ ಮಂಜೂರಾಯಿತು. ಊರಿನ ಮನೆಯಲ್ಲಿ ಬೀಸುವ ಕಲ್ಲು ಮೂಲೆಯಲ್ಲಿತ್ತು. ಅದನ್ನು ತೊಳೆದು ಪಡಸಾಲೆಗೆ ತಂದೆವು. ನಾಲ್ಕು ದಿನ ಅವ್ವ ಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ಓಣಿಯ ಹೆಂಗಸರೊಡನೆ ಮಾತಾಡುವುದರಲ್ಲೇ ಹೊತ್ತು ಕಳೆದಳು. ರಜೆ ಕರಗುತ್ತಿದ್ದರೂ ಈ ಸಲ ನಾವು ಏನನ್ನೂ ಕೇಳಲಿಲ್ಲ. ಐದನೆಯ ದಿನ ನಸುಕಿನ ನಾಲ್ಕೂವರೆಗೆ ಕಲ್ಲಿನ ಸದ್ದು. ಕತ್ತಲಲ್ಲೇ ತಡಕಾಡಿ, ಎರವಲು ತಂದ ಯಂತ್ರವನ್ನು ಕೌದಿಯ ಮೇಲಿಟ್ಟೆವು. ಜೋಳ ಬೀಸುತ್ತ ಅವ್ವ ಒಂದೇ ಸಮನೆ ಹಾಡಿದಳು. ನಾವು ಬಾಲ್ಯದಲ್ಲಿಯೂ ಕೇಳದಿದ್ದ ಪದಗಳನ್ನು ಹಾಡಿದಳು. ಅವುಗಳ ನಡುವೆ ಕೋಳಿ ಕೂಗಿದೆ, ಎಮ್ಮೆ ಒದರಿದೆ, ಅವಳ ಕೆಮ್ಮೂ ಇದೆ.

ಕೊನೆಯ ದಿನದ ಮುದ್ರಣದಲ್ಲಿ ತವರಿನ ಹಾಡೊಂದು ಅರ್ಧಕ್ಕೆ ನಿಲ್ಲುತ್ತದೆ. “ಇದರ ಮುಂದಿಂದು ನಿಮ್ಮ ಅಜ್ಜಿಗೆ ಗೊತ್ತಿತ್ತು” ಎನ್ನುತ್ತಾಳೆ. ಆಮೇಲೆ ಸುಮಾರು ಎರಡು ನಿಮಿಷ ಬರಿಯ ಕಲ್ಲಿನ ಸದ್ದು. ಅವ್ವ ಹೋದ ಮೇಲೆ, ಕೇಳಲು ಸರಾಗವಾಗಲೆಂದು ಆ ಎರಡು ನಿಮಿಷಗಳನ್ನು ಕತ್ತರಿಸಲು ಒಮ್ಮೆ ಕುಳಿತೆವು. ಕತ್ತರಿಸಲಿಲ್ಲ.