ಕಿಕ್ಕೇರಿಯಲ್ಲಿ ಕೇಳಿದ ಒಂದು ಪ್ರಶ್ನೆ

ಕೃಷ್ಣರಾಜಪೇಟೆಯಿಂದ ಶ್ರವಣಬೆಳಗೊಳದ ಕಡೆಗೆ ಹೋಗುವ ದಾರಿಯಲ್ಲಿ ಸುಮಾರು ಹದಿನಾಲ್ಕು ಕಿಲೋಮೀಟರು ಕಳೆದರೆ ಕಿಕ್ಕೇರಿಯು ಸಿಕ್ಕುವುದು. ಕವಿ ಕೆ. ಎಸ್. ನರಸಿಂಹಸ್ವಾಮಿಗಳು ೧೯೧೫ನೆಯ ಇಸವಿ ಜನವರಿ ೨೬ರಂದು ಹುಟ್ಟಿದ ಊರು ಇದೇ. ದಾಂಪತ್ಯದ ಸೊಗಸನ್ನು ಕನ್ನಡದ ಮನೆಮನೆಗೂ ಹಂಚಿದ ಅವರ ‘ಮೈಸೂರ ಮಲ್ಲಿಗೆ’ಯು ೧೯೪೨ರಲ್ಲಿ ಪ್ರಕಟವಾಯಿತು. ಅಂಥ ಊರನ್ನು ಕಣ್ಣಾರೆ ನೋಡಬೇಕೆಂಬ ಆಸೆ ನಮಗೆ ಬಹು ದಿನಗಳಿಂದ ಇದ್ದಿತು. ಅದರ ನೆರೆಯ ಹಳ್ಳಿಯೊಂದರಲ್ಲಿ ಒಕ್ಕಲುತನ ಮಾಡಿಕೊಂಡಿರುವ ನಮ್ಮ ಹಳೆಯ ಶಿಷ್ಯನೊಬ್ಬನು, “ಮೇಷ್ಟ್ರೇ, ಬ್ರಹ್ಮೇಶ್ವರನ ಗುಡಿ ತೋರಿಸುತ್ತೇನೆ, ಬನ್ನಿ” ಎಂದು ವರ್ಷವರ್ಷವೂ ಕರೆಯುತ್ತಿದ್ದನು. ಈ ವರ್ಷ ಅವನು ಕರೆಯಲಿಲ್ಲ. ನಾವೇ ಹೊರಟೆವು.

ಬಸ್ಸಿನಿಂದ ಇಳಿದಾಗ ಅವನು ನಿಲ್ದಾಣದಲ್ಲಿ ಕಾದಿದ್ದನು. ನಾವು ಉಪಾಧ್ಯಾಯ ವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ ಶಬ್ದರೂಪಗಳನ್ನು ಗಟ್ಟಿ ದನಿಯಲ್ಲಿ ಹೇಳುತ್ತಿದ್ದ ಹುಡುಗನು, ಈಗ ಐವತ್ತರ ಹತ್ತಿರದ ಗೃಹಸ್ಥ. ಮುಖವು ಬಾಡಿತ್ತು. ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಆ ಸಂಗತಿಯನ್ನು ಎತ್ತಿದರೆ ನೋವಾದೀತೆಂದು ನಾವು ಮಳೆಯ ವಿಷಯವನ್ನೂ ರಾಗಿಯ ವಿಷಯವನ್ನೂ ಆಡುತ್ತ ನಡೆದೆವು.

ಬ್ರಹ್ಮೇಶ್ವರ ದೇವಾಲಯವು ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ೧೧೭೧ನೆಯ ಇಸವಿಯಲ್ಲಿ, ಬಮ್ಮವ್ವೆ ನಾಯಕಿತಿಯೆಂಬ ಸ್ತ್ರೀಯು ಕಟ್ಟಿಸಿದುದು. ಒಂದೇ ಗರ್ಭಗೃಹ, ಒಳಗೆ ಲಿಂಗ, ಎದುರಿಗೆ ನಂದಿ. ಬಳಪದ ಕಲ್ಲನ್ನು ಮೇಣದಂತೆ ಕಡೆದ ಆ ಕೈಗಳನ್ನು ಎಷ್ಟು ಹೊಗಳಿದರೂ ಸಾಲದು. ಹೊಯ್ಸಳ ಶಿಲ್ಪಿಯು ದೇವತೆಗಳಿಗೆ ಎಷ್ಟೋ ಕೈಗಳನ್ನು ಕೊಟ್ಟು, ಆ ಕೈಗಳಲ್ಲಿ ಶೂಲಖಡ್ಗಾದಿ ಆಯುಧಗಳನ್ನಿಟ್ಟು, ಮುಖದಲ್ಲಿ ಮಾತ್ರ ಶಾಂತಿಯನ್ನು ಬಿಡಿಸುವನು. ನಾವು ಇದನ್ನು ಶಿಷ್ಯನಿಗೆ ತೋರಿಸಿ ವಿವರಿಸುತ್ತಿದ್ದರೆ, ಅವನು “ಹೂಂ” ಎನ್ನುತ್ತಿದ್ದನೇ ಹೊರತು ಅವನ ದೃಷ್ಟಿ ಅಲ್ಲಿರಲಿಲ್ಲ.

ರಾತ್ರಿ ಅವನ ಮನೆಯ ನಡುಮನೆಯಲ್ಲಿ ನಮಗೆ ಹಾಸಿಗೆಯಾಯಿತು. ತಲೆಯ ಮೇಲಿನ ಗೋಡೆಯ ಗೂಟದಲ್ಲಿ ಒಂದು ಕೋವಿ ತೂಗುತ್ತಿದ್ದಿತು. ನಳಿಗೆಯ ಬಾಯಿಂದಲೇ ಮದ್ದು ತುಂಬುವ ಹಳೆಯ ಕಾಲದ ಕೋವಿ. “ಅಪ್ಪನ ಕಾಲದ್ದು ಮೇಷ್ಟ್ರೇ, ಹಂದಿ ಕಾಟಕ್ಕೆ” ಎಂದನು. ಬೆಳೆಯ ರಕ್ಷಣೆಗಾಗಿ ಇಂಥ ಕೋವಿಗೆ ಪರವಾನಗಿ ಕೊಡುವ ಮಾತು ೧೯೫೯ರ ಆಯುಧ ಶಾಸನದಲ್ಲಿಯೇ ಇದೆ. ನಾವು “ಆಯುಧಪೂಜೆಯ ದಿನ ಇದಕ್ಕೂ ಕುಂಕುಮವಿಡುತ್ತೀಯೋ?” ಎಂದು ನಕ್ಕು ಮಲಗಿದೆವು. ನಡುರಾತ್ರಿ ಎಚ್ಚರವಾದಾಗ ಅವನು ಜಗುಲಿಯ ಮೇಲೆ ಕುಳಿತಿದ್ದನು. “ಯಾಕಪ್ಪಾ, ನಿದ್ದೆಯಿಲ್ಲವೇ?” ಎಂದೆವು. “ಬರುತ್ತದೆ, ಮಲಗಿ ಮೇಷ್ಟ್ರೇ” ಎಂದನು. ನಾವು ಮಲಗಿದೆವು.

ಬೆಳಿಗ್ಗೆ ಅವನ ವೃದ್ಧ ತಾಯಿಯು ನಮ್ಮನ್ನು ಮರೆಗೆ ಕರೆದು, “ಸ್ವಾಮಿ, ನೀವು ಹೇಳಿದರೆ ಕೇಳುತ್ತಾನೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ” ಎಂದು ಕಣ್ಣೊರೆಸಿಕೊಂಡಳು. ಅಂದು ಅವನನ್ನು ಒಡಂಬಡಿಸಿ ವೈದ್ಯರಲ್ಲಿಗೆ ಕರೆದೊಯ್ದೆವು. ವೈದ್ಯರು ಇನ್ನೂ ಚಿಕ್ಕ ವಯಸ್ಸಿನವರು. ನಾಡಿ ನೋಡಿದರು, ರಕ್ತದ ಒತ್ತಡ ನೋಡಿದರು, ನಿದ್ದೆ, ಊಟ, ಸಾಲ, ಮನೆಯ ಸಾವು ಎಲ್ಲವನ್ನೂ ಮೆಲ್ಲಗೆ ವಿಚಾರಿಸಿದರು. ಆಮೇಲೆ ಅದೇ ದನಿಯಲ್ಲಿ, “ಗೌಡರೇ, ಮನೆಯಲ್ಲಿ ಕೋವಿ ಇದೆಯೇ? ಗದ್ದೆಗೆ ಹೊಡೆಯುವ ಔಷಧಿ ಎಲ್ಲಿಡುತ್ತೀರಿ?” ಎಂದು ಕೇಳಿದರು.

ನಮಗೆ ಎಲ್ಲಿಲ್ಲದ ಕೋಪ ಬಂದಿತು. ನಿದ್ರೆಗೆ ಮಾತ್ರೆ ಕೇಳಲು ಬಂದವನನ್ನು ಪೋಲೀಸಿನವರಂತೆ ಪ್ರಶ್ನಿಸುವುದುಂಟೇ? “ಡಾಕ್ಟರೇ, ಇದು ವೈದ್ಯರು ಕೇಳುವ ಪ್ರಶ್ನೆಯೋ?” ಎಂದು ಬಿರುಸಾಗಿಯೇ ಅಂದೆವು.

ಆ ತರುಣರು ಬೇಸರಪಡಲಿಲ್ಲ. “ಮೇಷ್ಟ್ರೇ, ನಾನು ಇದನ್ನು ಠಾಣೆಗೆ ಹೇಳುವುದಿಲ್ಲ. ಉತ್ತರ ಕೊಡಲೇಬೇಕೆಂಬ ಬಲವಂತವೂ ಇಲ್ಲ. ಮನಸ್ಸು ತೀರ ಕುಗ್ಗಿದವನಿಗೆ ಒಂದು ಕೆಟ್ಟ ಗಳಿಗೆ ಬರುತ್ತದೆ. ಬಹಳ ಮಂದಿಗೆ ಅದು ಬಂದಂತೆಯೇ ಹೋಗಿಬಿಡುತ್ತದೆ. ಆ ಗಳಿಗೆಯಲ್ಲಿ ಕೈಗೆಟುಕುವ ಹಾಗೆ ಏನಿದೆ ಎಂಬುದರ ಮೇಲೆಯೇ ಜೀವ ನಿಂತಿರುತ್ತದೆ” ಎಂದರು.

ಇದೇ ಪ್ರಶ್ನೆಗಾಗಿ ಅಮೆರಿಕದಲ್ಲಿ ದೊಡ್ಡ ವ್ಯಾಜ್ಯವೇ ನಡೆದುದನ್ನೂ ಅವರು ತಿಳಿಸಿದರು. ಆ ದೇಶದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆತ್ಮಹತ್ಯೆಗಳು. ಆದಕಾರಣ ಅಲ್ಲಿನ ವೈದ್ಯರು, ವಿಶೇಷವಾಗಿ ಮಕ್ಕಳ ವೈದ್ಯರು, ಮನೆಯಲ್ಲಿ ಬಂದೂಕು ಇದೆಯೇ, ಬೀಗದಲ್ಲಿದೆಯೇ ಎಂದು ಕೇಳುವುದುಂಟು. ಇದು ಗೃಹಸ್ಥನ ಏಕಾಂತಕ್ಕೆ ಭಂಗವೆಂದು ಫ್ಲಾರಿಡಾ ಪ್ರಾಂತವು ೨೦೧೧ರಲ್ಲಿ, ಚಿಕಿತ್ಸೆಗೆ ಅಗತ್ಯವಿಲ್ಲದೆ ವೈದ್ಯರು ಹಾಗೆ ಕೇಳಕೂಡದೆಂದು ಶಾಸನ ಮಾಡಿತು. ೨೦೧೭ರಲ್ಲಿ ಅಲ್ಲಿನ ಮೇಲ್ಮನವಿಯ ನ್ಯಾಯಾಲಯವು, ವೈದ್ಯನ ಬಾಯಿ ಕಟ್ಟುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಆ ನಿರ್ಬಂಧವನ್ನು ತೆಗೆದುಹಾಕಿತು.

ನಮ್ಮ ಸೀಮೆಯಲ್ಲಿಯೂ ಕೋವಿಯ ಮಾತು ಹೊಸದಲ್ಲ. ಕೊಡವರ ಮನೆಗಳಲ್ಲಿ ಅದು ಕುಲದ ಗೌರವ. ಕೈಲ್ ಪೊಳ್ದ್ ಹಬ್ಬದಲ್ಲಿ ಹೂವೇರಿಸಿ ಪೂಜಿಸುವರು. ಅವರಿಗಿರುವ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರವು ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಉಳಿದವರು ಪರವಾನಗಿ ಬೇಡುವಾಗ, ದೇಹವೂ ಮನಸ್ಸೂ ಸ್ವಸ್ಥವಾಗಿವೆಯೆಂದು ವೈದ್ಯರಿಂದ ಪತ್ರ ತರಬೇಕೆಂದು ೨೦೧೬ರ ನಿಯಮಗಳು ಹೇಳುತ್ತವೆ. ಹೀಗೆ ಸರ್ಕಾರವೇ ಕೋವಿಗೂ ಮನಸ್ಸಿಗೂ ಇರುವ ಸಂಬಂಧವನ್ನು ವೈದ್ಯರ ಮುಂದೆ ಇಟ್ಟಿದೆ. ಆದರೆ ಪರವಾನಗಿಯ ಅವಧಿ ಐದು ವರ್ಷ. ಮನುಷ್ಯನ ಮನಸ್ಸು ಐದು ವರ್ಷ ಒಂದೇ ಬಗೆಯಾಗಿ ಇರುವುದೇ?

ವೈದ್ಯರು ಮಾತು ಮುಗಿಸುವಾಗ ನಮಗೆ ನಮ್ಮ ವಾಗ್ಭಟಾಚಾರ್ಯನ ನೆನಪಾಗಿ ನಾಚಿಕೆಯಾಯಿತು. ರೋಗಿಯನ್ನು ನೋಡಿ, ಮುಟ್ಟಿ, ಪ್ರಶ್ನಿಸಿ ಪರೀಕ್ಷಿಸಬೇಕೆಂದು ಅಷ್ಟಾಂಗಹೃದಯದಲ್ಲಿ ಆತನು ವಿಧಿಸಿರುವನು. ಪ್ರಶ್ನೆಯೂ ಪರೀಕ್ಷೆಯ ಒಂದು ಅಂಗ, ಅದು ಆರೋಪವಲ್ಲ. ನಾಡಿ ಹಿಡಿದರೆ ಕೋಪಿಸಿಕೊಳ್ಳದ ನಾವು, ಮನೆಯ ಗೋಡೆಯ ಮೇಲೇನಿದೆ ಎಂದು ಕೇಳಿದರೆ ಏಕೆ ಕೋಪಿಸಿಕೊಳ್ಳಬೇಕು?

ಆ ಸಂಜೆ ಕೆರೆಯ ಏರಿಯ ಮೇಲೆ ಇಬ್ಬರೂ ಕುಳಿತೆವು. ನೀರಿನ ಮೇಲೆ ಬೆಳಕು ಇಳಿಯುತ್ತಿದ್ದಿತು. ಬಹಳ ಹೊತ್ತು ಸುಮ್ಮನಿದ್ದು ಅವನೇ ಬಾಯಿಬಿಟ್ಟನು. “ಮೇಷ್ಟ್ರೇ, ಅವಳು ಹೋದ ಮೇಲೆ ನೂರು ಜನ ಬಂದರು. ಬೋರು ಬತ್ತಿತಲ್ಲಾ, ಸಾಲ ತೀರಿತೇ, ಮಗ ಓದುತ್ತಾನೆಯೇ ಅಂದರು. ಆ ಗೂಟದ ಕಡೆ ನನ್ನ ಕಣ್ಣು ಹೋಗುತ್ತದೆಯೇ ಅಂತ ಕೇಳಿದವರು ಆ ಡಾಕ್ಟರೊಬ್ಬರೇ. ಅವರು ಕೇಳಿದ ಮೇಲೆ ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗಾಯಿತು.”

ನಾವು ತಲೆ ತಗ್ಗಿಸಿದೆವು. ಹಿಂದಿನ ರಾತ್ರಿ ಆ ಗೂಟದ ಕೆಳಗೆ ಮಲಗಿದವರು ನಾವು. ಕೋವಿಯನ್ನು ಕಂಡು ಹಾಸ್ಯ ಮಾಡಿದವರೂ ನಾವೇ. ಜಗುಲಿಯ ಮೇಲೆ ಎಚ್ಚರವಾಗಿ ಕುಳಿತವನನ್ನು ಬಿಟ್ಟು ಮಗ್ಗುಲಾದವರೂ ನಾವೇ. ನೋವಾದೀತೆಂದು ನಾವು ನುಂಗಿದ ಪ್ರಶ್ನೆಯನ್ನೇ ಅವನು ಎಂಟು ತಿಂಗಳಿಂದ ಎದುರುನೋಡುತ್ತಿದ್ದನು.

ಕೋವಿಯಿರುವ ಮನೆ ನಮ್ಮ ಕಡೆ ವಿರಳ. ಆದರೆ ಪೈರಿಗೆ ಹೊಡೆಯುವ ವಿಷವಿಲ್ಲದ ಒಕ್ಕಲುಮನೆ ಯಾವುದು? ಅದನ್ನು ನಾವು ‘ಔಷಧಿ’ ಎಂದೇ ಕರೆದು, ಅಡುಗೆಮನೆಯ ಅಟ್ಟದ ಮೇಲೆ ಉಪ್ಪಿನಕಾಯಿಯ ಜಾಡಿಯ ಪಕ್ಕದಲ್ಲಿ ಇಡುತ್ತೇವೆ. ೨೦೧೫ರಲ್ಲಿ ಮಂಡ್ಯದ ಕಬ್ಬಿನ ಸೀಮೆಯಲ್ಲಿ ರೈತರ ಆತ್ಮಹತ್ಯೆಗಳು ಒಂದರ ಹಿಂದೊಂದು ನಡೆದಾಗ, ಸಾಲದ ಮಾತನ್ನು ಎಲ್ಲರೂ ಆಡಿದರು. ಆಡಬೇಕಾದುದೇ. ಅಟ್ಟದ ಮೇಲಿನ ಡಬ್ಬಿಯ ಮಾತನ್ನು ಆಡಿದವರು ಕಡಮೆ. ಸಿಂಹಳದಲ್ಲಿ ೧೯೯೫ರಿಂದ ಅತ್ಯುಗ್ರವಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಮುಂದಿನ ಎರಡು ದಶಕಗಳಲ್ಲಿ ಆ ದೇಶದ ಆತ್ಮಹತ್ಯೆಯ ಪ್ರಮಾಣವು ಸುಮಾರು ನೂರಕ್ಕೆ ೭೦ರಷ್ಟು ಇಳಿಯಿತು. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ವಿಷದ ಡಬ್ಬಿಗಳನ್ನು ಮನೆಯೊಳಗಿಡದೆ, ಊರಿನ ಸಾಮಾನ್ಯ ಕೋಣೆಯೊಂದರ ಬೀಗವುಳ್ಳ ಪೆಟ್ಟಿಗೆಗಳಲ್ಲಿ ಇಡುವ ಪ್ರಯೋಗವೂ ನಡೆದಿದೆ. ಸಿಂಹಳದಲ್ಲಿ ದುಃಖವೇನೂ ಮಾಯವಾಗಲಿಲ್ಲ. ದುಃಖಕ್ಕೂ ಕೈಗೂ ನಡುವೆ ಒಂದಿಷ್ಟು ದೂರವಾಯಿತು, ಅಷ್ಟೇ.

ಈ ದೂರದ ಮಾತನ್ನು ಯೋಚಿಸುತ್ತಿರುವಾಗ ನಮಗೆ ಬನ್ನಿಯ ಮರ ಕಣ್ಣಿಗೆ ಕಟ್ಟಿತು. ಅಜ್ಞಾತವಾಸದ ವರ್ಷವು ಬಂದಾಗ ಪಾಂಡವರು ತಮ್ಮ ಆಯುಧಗಳನ್ನು ಸಂಗಡ ಒಯ್ಯಲಿಲ್ಲ. ಊರ ಹೊರಗಿನ ಶಮೀವೃಕ್ಷದ ಮೇಲಿಟ್ಟು ಹೋದರು. ಗಾಂಡೀವವನ್ನು ಇಳಿಸಿದುದರಿಂದ ಅರ್ಜುನನು ಹೇಡಿಯಾಗಲಿಲ್ಲ. ಕಾಲ ಬಂದಾಗ ಅದೇ ಮರದಿಂದ ಇಳಿಸಿಕೊಂಡನು. ಕಷ್ಟದ ವರ್ಷದಲ್ಲಿ ಆಯುಧವನ್ನು ದೂರವಿಡುವುದು ವೀರರ ಪದ್ಧತಿಯೇ ಸರಿ. ಪ್ರತಿ ವಿಜಯದಶಮಿಯಲ್ಲಿಯೂ ಬನ್ನಿಯನ್ನು ಪೂಜಿಸುವ ನಾವು ಈ ಅರ್ಥವನ್ನು ಮರೆತಿದ್ದೆವು.

ಇದನ್ನು ಶಿಷ್ಯನಿಗೆ ಹೇಳಿದೆವು. ಅವನು ಹುಡುಗನಾಗಿದ್ದಾಗ ನಕ್ಕಂತೆ ಸ್ವಲ್ಪ ನಕ್ಕು, “ಎಲೆಕ್ಷನ್ ಬಂದಾಗಲೆಲ್ಲ ಠಾಣೆಯಲ್ಲಿ ಇಟ್ಟು ಬರುತ್ತೇವೆ ಮೇಷ್ಟ್ರೇ. ಆಗ ಇಲ್ಲದ ಅವಮಾನ ಈಗೇನು?” ಎಂದನು. ಮರುದಿನ ಅವನ ತಮ್ಮನೂ ನಾವೂ ಸಂಗಡ ಹೋದೆವು. ಅವನು ಅರ್ಜಿ ಬರೆದು ಕೋವಿಯನ್ನು ಒಪ್ಪಿಸಿ ರಸೀತಿ ಪಡೆದನು. ಔಷಧಿಯ ಡಬ್ಬಿಗಳು ತಮ್ಮನ ಮನೆಯ ಬೀಗದ ಪೆಟ್ಟಿಗೆಗೆ ಹೋದವು. ವೈದ್ಯರು ಹೇಳಿದ ದಿನಕ್ಕೆ ಮತ್ತೆ ಹೋಗಿ ತೋರಿಸುವುದಾಗಿ ತಾಯಿಗೆ ಮಾತು ಕೊಟ್ಟನು. ದುಃಖವು ಮುಗಿಯಿತೆಂದು ನಾವು ಹೇಳಲಾರೆವು. ಆ ರಾತ್ರಿ ಅವನು ಜಗುಲಿಯಲ್ಲಿ ಕುಳಿತಾಗ ನಾವೂ ಎದ್ದು ಹೋಗಿ ಪಕ್ಕದಲ್ಲಿ ಕುಳಿತೆವು. ಹೆಂಡತಿಯ ವಿಷಯವನ್ನು ಬೆಳಗಿನ ಜಾವದವರೆಗೂ ಹೇಳಿದನು.

ವಾಚಕ ಮಹಾಶಯರೇ, ನಿಮ್ಮ ವೈದ್ಯರು ಎಂದಾದರೂ ಇಂಥ ಪ್ರಶ್ನೆಯನ್ನು ಕೇಳಿದರೆ ನಮ್ಮಂತೆ ಸಿಡುಕದಿರಿ. ಅವರು ಕೇಳದಿದ್ದರೆ, ನಿಮ್ಮ ಮನೆಯಲ್ಲಿ ನಿದ್ದೆಗೆಟ್ಟು ಕುಳಿತವರನ್ನು ನೀವೇ ಕೇಳಿರಿ. ಕೇಳಿದುದರಿಂದ ಯಾರ ಮನಸ್ಸಿಗೂ ಆ ಯೋಚನೆ ಹೊಸದಾಗಿ ಹೊಕ್ಕುವುದಿಲ್ಲ. ಮನೆಯವರೊಡನೆ ಆಡಲಾಗದ ಮಾತನ್ನು ಆಡಿಕೊಳ್ಳಲು ಸರ್ಕಾರದ ಟೆಲಿ ಮಾನಸ್ ದೂರವಾಣಿ, ಸಂಖ್ಯೆ ೧೪೪೧೬, ೨೦೨೨ರಿಂದ ಹಗಲಿರುಳೂ ಇದೆ, ಕನ್ನಡದಲ್ಲಿಯೇ ಮಾತಾಡಬಹುದು.

ಹಿಂದಿರುಗುವ ದಿನ ಬಸ್ಸು ಬರುವ ಮುಂಚೆ ಅವನು, “ಮುಂದಿನ ವರ್ಷವೂ ಬನ್ನಿ ಮೇಷ್ಟ್ರೇ, ಈ ಸಲ ಗುಡಿಯನ್ನು ನಾನು ಸರಿಯಾಗಿ ನೋಡಲೇ ಇಲ್ಲ” ಎಂದನು. ಅವನು ಮತ್ತೆ ಕರೆದನೆಂಬುದೇ ನಮಗೆ ಆ ಯಾತ್ರೆಯ ಪ್ರಸಾದವಾಯಿತು.